ದೂತನ ಮೇಲೆ ಬಿದ್ದ ಚೀಟಿ

ನ್ಯಾಮತಿ
ಬುಧವಾರ, 12 ನವೆಂಬರ್ 2025

ಕೋಪ ಬಂದರೂ ಬಿಡಲಾಗದ ಗೆಳತಿ ನುಜಹತ್‌ಗೆ,

ಅಕ್ಟೋಬರ್ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಗುರುಬಸವರಾಜನೂ ಓದುತ್ತಾನೆ. ನನಗೆ ಅವನ ಮೇಲೂ ಅನುಮಾನ, ನಿನ್ನ ಮೇಲೂ ಅನುಮಾನ.

ಹೊನ್ನಾಳಿಯ ನಿಮ್ಮ ಬಳೆ ಅಂಗಡಿಯ ಮಹಡಿಯಲ್ಲಿ ನಾವು ನಾಲ್ವರು ಭಾನುವಾರ ಸೇರಿ, ದಾಳ ಹಾಕಿ ಕಥೆ ಆಡಲು ಶುರು ಮಾಡಿ ಎರಡು ವರ್ಷವಾಯಿತು. ನಮ್ಮದು ಒಂದೊಂದು ಪಾತ್ರ, ಕಥೆ ನಡೆಸುವವಳು ನೀನು. ಪ್ರತಿಯೊಬ್ಬರೂ ಕಥೆಗೊಂದು ಕಂಟಕ ಬರೆದು, ಹೆಸರು ಹಾಕದೆ ಟಿಫನ್ ಡಬ್ಬಿಯೊಳಗೆ ಚೀಟಿ ಹಾಕುವ ಪದ್ಧತಿ ತಂದವಳೂ ನೀನೇ. ಹಾಗಿದ್ದ ಮೇಲೆ ಮೊನ್ನೆ ಭಾನುವಾರ ಡಬ್ಬಿಯಿಂದ ಎತ್ತಿದ ಚೀಟಿಯನ್ನು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಬಾರದಿತ್ತೇ? ದೂತನಿಗೆ ಶಾಪ, ಇಂದಿನಿಂದ ಅವನ ನಾಲಿಗೆ ತೊದಲಲಿ ಎಂದಿತ್ತು. ನೀನು ಗಟ್ಟಿಯಾಗಿ ಓದಿದೆ. ಗುರುಬಸವರಾಜ ಬಿದ್ದು ಬಿದ್ದು ನಕ್ಕ.

ದೂತ ಓಬಳೇಶನ ಪಾತ್ರ. ತನ್ನೂರು ಸೊಕ್ಕೆಯಿಂದ ಮೂರು ಬಸ್ ಬದಲಿಸಿ ಬರುವ ಅವನು ಕಂಡಕ್ಟರಿಗೆ ಊರ ಹೆಸರು ಹೇಳುವಾಗಲೂ ಉಗ್ಗುತ್ತಾನೆ. ಅದೇ ಮನುಷ್ಯ ದೂತನಾಗಿ ಮೂವರು ರಾಜರನ್ನು ಮಾತಿನಲ್ಲೇ ಒಲಿಸಿದ್ದ, ಒಂದಕ್ಷರ ತಡವರಿಸದೆ. ಮೊನ್ನೆ ದಾಳವನ್ನು ಮೆಲ್ಲಗೆ ಕೆಳಗಿಟ್ಟು, ನಾ... ನಾನಿನ್ನು ಬರಾಕೆ ಆಗಲ್ಲ ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡ. ನನ್ನ ಫೋನ್ ಎತ್ತುತ್ತಿಲ್ಲ. ಹೊಟ್ಟೆ ಉರಿಯುತ್ತದೆ ಕಣೇ.

ನೀನು ಆ ಚೀಟಿಯನ್ನು ಸದ್ದಿಲ್ಲದೆ ಪರ್ಸಿಗೆ ಸೇರಿಸಿದ್ದು ನಾನು ನೋಡಿದೆ. ಯಾಕೆ? ಬರೆದವರು ಯಾರೆಂದು ನಿನಗೆ ಗೊತ್ತಿರಬೇಕು. ಎಡಗೈಯಲ್ಲಿ ಗೀಚಿದ ಅಕ್ಷರ ಗುರುತು ಸಿಗುವುದಿಲ್ಲ ಎಂದು ನನಗೆ ಹೇಳಬೇಡ. ಮೇಲಾಗಿ, ಕೆಡಿಸಿದ್ದು ಮೂರೂ ಮಂದಿ, ಮೂರೂ ಮಂದೀನೇ ಸರಿ ಮಾಡಾಕೆ ಹೋಗಾಣ ಅಂತ ಫೋನಿನಲ್ಲಿ ಅಂದೆಯಲ್ಲ, ಅದು ಯಾರನ್ನು ಉಳಿಸಲು? ಒಬ್ಬರ ತಪ್ಪನ್ನು ಮೂವರಿಗೆ ಹಂಚಿದರೆ ಬರೆದವರು ಹಾಯಾಗಿ ಇದ್ದುಬಿಡುತ್ತಾರೆ.

ದೂತ ಮಾತಿಗೆ ನಿಂತರೆ ಉಳಿದವರಿಗೆ ಸರದಿ ಸಿಗುತ್ತಿರಲಿಲ್ಲ, ಅದೂ ನಿಜ. ನನ್ನ ಪಾತ್ರ ಆ ನಾಟಿ ವೈದ್ಯೆ, ಐದು ಭಾನುವಾರ ಬಾಯಿ ಬಿಟ್ಟಿಲ್ಲ. ಸಂಧ್ಯಾ, ನೀನೇನು ಮಾಡ್ತೀ ಅಂತ ನೀನೂ ಒಮ್ಮೆ ಕೇಳಲಿಲ್ಲ.

ಬರೆದವರು ಒಪ್ಪಿಕೊಳ್ಳುವವರೆಗೆ ನಾನು ಆ ಮಹಡಿ ಹತ್ತುವುದಿಲ್ಲ.

ಮುನಿಸಿಕೊಂಡಿರುವ
ಸಂಧ್ಯಾರಾಣಿ

ಮತ್ತೆ: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಈ ಹಾಳೆಯ ಕೆಳಗಿನ ಮೂಲೆ ಹರಿದಿದೆ, ಪರ್ಸಿನಲ್ಲಿರುವ ಚೀಟಿಯನ್ನು ಅಲ್ಲಿಟ್ಟು ನೋಡು. ಎಡಗೈ ನನ್ನದೇ. ದೂತ ನಾಲ್ಕು ದಿನ ಸುಮ್ಮನಿರಲಿ ಅಂದುಕೊಂಡೆ, ಓಬಳೇಶ ನೆನಪಿಗೇ ಬರಲಿಲ್ಲ. ಓದಿದ್ದು ನಿನ್ನ ಪಾಲು, ನಕ್ಕಿದ್ದು ಗುರುಬಸವರಾಜನ ಪಾಲು. ಭಾನುವಾರ ಮೂವರೂ ಸೊಕ್ಕೆಗೆ ಹೋಗೋಣ. ಬಾಗಿಲು ಮಾತ್ರ ನಾನು ತಟ್ಟುತ್ತೇನೆ.