ಚಂದ್ರಪ್ರಭಾ ಟಾಕೀಸಿನ ಗಾಜುಗಳು

ಬೆಟಗೇರಿ
೨೨ ಜನವರಿ ೨೦೨೬, ಗುರುವಾರ

ಪ್ರೀತಿಯ ಸುನಿತಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಚಳಿಗೆ ಹೆಚ್ಚಾಗಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಿನ್ನ ಅಣ್ಣ ಆರಾಮಾಗಿದ್ದಾರೆ. ಮಾವ ಹೋಗಿ ಇಂದಿಗೆ ನಲವತ್ತೊಂದು ದಿನ. ಅವರ ಕೆಮ್ಮು ಕೇಳದೆ ನನಗೆ ಬೆಳಗಾದದ್ದೇ ತಿಳಿಯುವುದಿಲ್ಲ. ಫೋನಿನಲ್ಲಿ ಮೂರು ಸಲ ಒಂದು ವಿಷಯ ಹೇಳಲು ಹೊರಟು ಚಳಿ, ಜೋಳ, ನಿನ್ನ ಮೊಮ್ಮಗಳ ಹಲ್ಲು ಎಂದು ಮಾತು ಮರೆಸಿದೆ. ಅದಕ್ಕೇ ಈ ಕಾಗದ.

ಚಂದ್ರಪ್ರಭಾ ಟಾಕೀಸನ್ನು ಕೆಡವುವ ಸುದ್ದಿ ನಿನಗೆ ಗೊತ್ತು. ಅದಕ್ಕೂ ಮೊದಲು, ಫೆಬ್ರುವರಿ ಒಂದರ ರವಿವಾರ, ಅಲ್ಲಿಯೇ ಅದರ ಹಳೆಯ ಫೋಟೊಗಳನ್ನು ಊರಿಗೆ ತೋರಿಸುತ್ತಾರೆ. ಮಾಲೀಕರ ಮೊಮ್ಮಗ ವೀರೇಶ ಇದನ್ನೆಲ್ಲ ಮಾಡಿಸುತ್ತಿದ್ದಾನೆ. ಟಾಕೀಸು ಶುರುವಾದ ವರ್ಷ ಮಾವ ತೆಗೆದ ಎಂಟು ಗಾಜಿನ ನೆಗೆಟಿವ್‌ಗಳಿಂದ ದೊಡ್ಡ ಪ್ರಿಂಟು ಹಾಕಿಸಬೇಕೆಂದು ಅವನ ಆಸೆ. ಮುಂಬಾಗಿಲ ಮೇಲಿನ ಸಿಮೆಂಟಿನ ನವಿಲುಗಳು, ಒಂದೇ ಕೈ ತೂರುವ ಟಿಕೆಟ್ ಕಿಂಡಿಗಳು, ಸಾಗವಾನಿ ಕಟಕಟೆಯ ಮೆಟ್ಟಿಲು, ಹೆಂಗಸರ ಬಾಲ್ಕನಿಗೆ ಅಡ್ಡ ಎಳೆಯುತ್ತಿದ್ದ ಪರದೆ. ಒಳಗೆಲ್ಲ ಬದಲಾಗಿ ಮೂವತ್ತು ವರ್ಷವಾಯಿತು. ಆ ಹಳೆಯ ರೂಪ ಬೇರೆಲ್ಲೂ ಉಳಿದಿಲ್ಲ. ಅಪ್ಪ ತೆಗೆದ ಫೋಟೊ ನೋಡಲು ನೀನೂ ಬರುತ್ತೇನೆ ಎಂದಿದ್ದೀಯ.

ಸುನಿತಾ, ಆ ಗಾಜುಗಳಲ್ಲಿ ಈಗ ಏನೂ ಇಲ್ಲ.

ಮಾವನ ಶಿವಗಣಾರಾಧನೆಯ ಹಿಂದಿನ ದಿನ ಮನೆಯೆಲ್ಲ ತೊಳೆದೆವಲ್ಲ, ಆಗ ಅವರ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅವು ಸಿಕ್ಕವು. ಅವರ ಸ್ಟುಡಿಯೊ ಮುಚ್ಚಿದ ಮೇಲೆ ಈ ಮನೆಗೆ ಬಂದ ಸೊಸೆ ನಾನು. ನೆಗೆಟಿವ್ ಎಂದರೆ ನನಗೆ ರೀಲು ಮಾತ್ರ ಗೊತ್ತು. ಗಾಜಿಗೆ ಕಪ್ಪು ಹತ್ತಿತ್ತು. ಹಿರೇಹಂದಿಗೋಳದ ತವರಿನಲ್ಲಿ ಕಂದೀಲಿನ ಗಾಜು ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ಇದೂ ಮಸಿ ಎಂದುಕೊಂಡೆ. ಬಿಸಿನೀರಿಗೆ ಸೋಡಾ ಹಾಕಿ, ನಾರಿನಿಂದ ತಿಕ್ಕಿ, ಬಿಸಿಲಿಗಿಟ್ಟೆ. ಎಷ್ಟು ಸ್ವಚ್ಛವಾದವೆಂದರೆ, ದೇವರ ಪಟಗಳಿಗೆ ಹಾಕಿಸೋಣ ಎಂದು ನಿನಗೇ ತೋರಿಸಿದ್ದೆ. ನೀನು ಒಲೆಯ ಮುಂದಿನಿಂದಲೇ ಹೂಂ ಅಂದಿದ್ದೆ.

ಹೋದ ವಾರ ವೀರೇಶ ಫೋನ್ ಮಾಡಿ ಕೇಳಿದಾಗಲೂ ನನಗೆ ಹೊಳೆಯಲಿಲ್ಲ. ಪಕ್ಕದ ಮನೆಯ ರಸೂಲಬಿಗೆ ತೋರಿಸಿದೆ. ಅವಳ ಗಂಡ ಮಾವನ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದವನು. "ಅಯ್ಯ ನಮ್ಮವ್ವ, ಮಸಿ ಅಲ್ಲ ಅದು, ನಿಮ್ಮ ಮಾವ ತಗದಿದ್ದ ಫೋಟೊ! ಇಡೀ ಟಾಕೀಸ ತಿಕ್ಕಿ ಬಚ್ಚಲಕ್ಕ ಬಿಟ್ಟೀಯಲ್ಲ!" ಎಂದು ನಕ್ಕಳು. ನನ್ನ ಮುಖ ನೋಡಿ ಕೈ ಹಿಡಿದು ಕೂರಿಸಿದಳು.

ನಿನ್ನ ಅಣ್ಣನಿಗೆ ಇನ್ನೂ ಹೇಳಿಲ್ಲ. ಪೇಟೆಯಿಂದ ಬಂದೊಡನೆ "ವೀರೇಶ ಬಂದಿದ್ನೇನ?" ಎನ್ನುತ್ತಾರೆ. ನಾನು ರೊಟ್ಟಿ ನೋಡುವ ನೆವದಲ್ಲಿ ಒಳಗೆ ಹೋಗುತ್ತೇನೆ.

ನಿನ್ನ ಯಜಮಾನರಿಗೆ ಶರಣು ತಿಳಿಸು. ಮೊಮ್ಮಗಳಿಗೆ ಒಂದು ಮುತ್ತು. ಬೈಯುವುದಿದ್ದರೆ ಕಾಗದದಲ್ಲೇ ಬೈ, ಫೋನಿನಲ್ಲಿ ಬೇಡ.

ನಿನ್ನ ವೈನಿ,
ಬಸವಣ್ಣೆವ್ವ

ತಾ.ಕ.: ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಇದನ್ನು ಮೇಲೆ ಬರೆಯಲಾಗಲಿಲ್ಲ. ಮೊನ್ನೆ ವೀರೇಶ ಬಂದಿದ್ದ. "ಮಾವಗ ಕಡೀಕ ಖಬರ ಇರಲಿಲ್ಲಪಾ, ಕೈ ನಡುಗತಿದ್ದವು, ಅವರೇ ಗಾಜು ಒರಸಿಬಿಟ್ಟಾರ" ಎಂದುಬಿಟ್ಟೆ. ಅವನು ಮರುಗಿ, ಖಾಲಿ ಗಾಜುಗಳನ್ನೇ ತೂಗುಹಾಕಿ, ಕೆಳಗೆ ಮಾವನ ಹೆಸರಿನೊಂದಿಗೆ ಹಾಗೆಂದೇ ಬರೆಸುತ್ತಾನಂತೆ. ಬುಧವಾರ ಬೋರ್ಡು ತಯಾರಾಗುತ್ತದೆ. ಇಲ್ಲಿಂದ ನೇರ ಅವನ ಮನೆಗೆ ಹೊರಟಿದ್ದೇನೆ. ಧೈರ್ಯ ಸಾಲದೆ ಅರ್ಧ ದಾರಿಯಿಂದ ತಿರುಗಿದ್ದರೆ, ಕಾಗದ ಮುಟ್ಟಿದ ಕೂಡಲೇ ನೀನೇ ಅವನಿಗೆ ಫೋನ್ ಮಾಡಿ ಹೇಳು. ಮಾವನ ಕೈ ಕಡೆಯ ದಿನವೂ ನಡುಗಿರಲಿಲ್ಲ.