ಒಳಬದಿಯ ಏಣಿ

ಶಹಾಬಾದ
ಮೇ ೧೨

ತೌಹೀದಭಾಯಿ, ನಮಸ್ಕಾರ.

ನಮ್ಮ ಅಂಗಳದಲ್ಲಿ ನೀವು ನಿಲ್ಲಿಸಿಕೊಟ್ಟ ನಾಲ್ಕಡಿ ಎತ್ತರದ ಈಜುಕೊಳ ಗಟ್ಟಿಯಾಗಿದೆ. ದಿನಾ ಫಿಲ್ಟರ್ ನಡೆಸುತ್ತೇನೆ, ಕ್ಲೋರಿನ್ ಮಾತ್ರೆ ತಪ್ಪಿಸಿಲ್ಲ. ಹಿರಿಯ ಮಗಳು ಪ್ರಜ್ಞಾ ತೀರಿಕೊಂಡ ಮೇಲೆ, ಕಿರಿಯವಳು ಮನೆಯಲ್ಲೇ ಈಜು ಕಲಿಯಲಿ ಎಂದು ಅದನ್ನು ತಂದೆವು. ಅವಳಿನ್ನೂ ನೀರಿಗೆ ಇಳಿದಿಲ್ಲ.

ಆದರೂ ಒಂದು ಮಾತು ಹೇಳಬೇಕು. ಬೆಳಗಾಗುವಷ್ಟರಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ನೀರಿನ ಮೇಲೆ ಕೆನೆಗಟ್ಟಿರುತ್ತದೆ. ಜಾಲರಿ ಹಿಡಿದು ಹೋದರೆ, ಕೆನೆ ಆಗಲೇ ನಡುವೆ ಒಡೆದಿರುತ್ತದೆ. ಕೊಳದ ಒಳಗೋಡೆಯ ಧೂಳಿನಲ್ಲಿ ಸಣ್ಣ ಬೆರಳು ಜಾರಿದ ಗೆರೆಗಳಿರುತ್ತವೆ. ಬೆಕ್ಕಿರಬೇಕು ಎಂದೆ.

"ಬೆಕ್ಕಲ್ರಿ ಅದು. ಹಿಡೀಲಿಕ್ಕ ಏನೂ ಸಿಗವಲ್ದು ಆಕಿಗಿ," ಎಂದಳು ನನ್ನ ಹೆಂಡತಿ ಅನಸುಬಾಯಿ.

ಪ್ರಜ್ಞಾ ಬಿದ್ದು ಮುಳುಗಿದ, ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಯಲ್ಲೂ ಹಿಡಿಯಲು ಏನೂ ಇರಲಿಲ್ಲ. ಅದರ ಗೋಡೆಗಳನ್ನು ಅಷ್ಟು ನೇರ ಕಡಿದವರಲ್ಲಿ ನಾನೂ ಒಬ್ಬ.

ಬಳಸದಾಗ ಏಣಿ ತೆಗೆದಿಡಿ ಎಂದಿದ್ದಿರಿ. ಇಷ್ಟು ದಿನ ತೆಗೆದಿಟ್ಟೆ, ಇನ್ನು ನನ್ನಿಂದಾಗದು. ಒಳಬದಿಗೆ ಬಿಗಿದೇ ಬಿಡುವಂಥ ಏಣಿಯೊಂದನ್ನು ಬೇಗ ಕಳಿಸಿರಿ. ಮೆಟ್ಟಿಲುಗಳು ಹತ್ತಿರ ಹತ್ತಿರ ಇರಲಿ. ಪ್ರಜ್ಞಾಳಿಗೆ ಇನ್ನೂ ಒಂಬತ್ತೇ ವರ್ಷ.

ನಿಮ್ಮ
ಭಗವಂತ