ಒಲೆಗೆ ಹಾಕಿದ ಅಂಟು

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಾಣಂತಿ, ಮಗು ಇಬ್ಬರೂ ಆರೋಗ್ಯವಾಗಿದ್ದಾರೆಯೇ? ಅಜ್ಜಿಯಾದೆ ಎಂಬ ಸಂಭ್ರಮದಲ್ಲಿ ಮಗುವನ್ನು ಇಡೀ ದಿನ ಎತ್ತಿಕೊಂಡೇ ಓಡಾಡಬೇಡ, ನಿನ್ನ ಸೊಂಟದ ಕಥೆ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಅಮ್ಮನಿಗೂ ಊಟ, ನಿದ್ದೆಗೆ ಕೊರತೆಯಿಲ್ಲ. ಮರೆವು ಮಾತ್ರ ನೀನು ಹೊರಟಾಗ ಇದ್ದದ್ದಕ್ಕಿಂತ ಹೆಚ್ಚಾಗಿದೆ. ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೀಯ. ಅವಸರವಿಲ್ಲ, ಮಗಳ ಬಾಣಂತನ ಮುಗಿಸಿಕೊಂಡೇ ಬಾ ಎಂದು ಬರೆಯಲು ಕೂತೆ.

ಫೋನಿನಲ್ಲಿ ಕರೆಂಟ್ ಒಲೆಯ ಗಾಜು ಒಡೆದಿದೆ ಎಂದಷ್ಟೇ ಹೇಳಿದ್ದೆ, ಅಮ್ಮ ಪಕ್ಕದಲ್ಲೇ ಇದ್ದಳು. ನಡೆದದ್ದು ಇಷ್ಟು. ಹೋದ ವಾರ ಒಂದು ಸಂಜೆ ಅನ್ನ ಇಳಿಸಿದ ಮೇಲೂ ಗಾಜಿನೊಳಗಿನ ಸುರುಳಿ ಕೆಂಪಗೇ ಇತ್ತು. ಅಮ್ಮ ಅದನ್ನು ಕೆಂಡ ಅಂದುಕೊಂಡಳು. ಸೌದೆ ಒಲೆಯ ಕಾಲದಲ್ಲಿ ಕೆಂಡ ಆರಿಸದೆ ಮಲಗುತ್ತಿರಲಿಲ್ಲವಲ್ಲ, ಹಾಗೆಯೇ ಒಂದು ಚೊಂಬು ನೀರು ಸುರಿದಳು. ಗಾಜು ಚಟ್ ಎಂದು ಬಿರುಕು ಬಿಟ್ಟಿತು. ನಾನು ಎದ್ದುಬಿದ್ದು ಓಡಿದರೆ, "ಮನೇಲಿ ಮಕ್ಕಳಿದಾವೆ, ಬೆಂಕಿ ಬಿಟ್ಟು ಮಲಗೋಕಾಗತ್ತಾ?" ಎಂದು ನನ್ನನ್ನೇ ಗದರಿದಳು. ಮನೆಯಲ್ಲಿರುವ ಮಗು ಎಂದರೆ ತಲೆ ನರೆತ ನಾನೊಬ್ಬನೇ.

ಹೊಸ ಗಾಜು ಬರುವುದು ತಡವಾಗುತ್ತದಂತೆ. ರಿಪೇರಿಯವನು ಬಿರುಕು ಬಿಟ್ಟ ಕಡೆಯ ತಂತಿ ಕಳಚಿ, "ನೀರು ಒಳಗಿಳೀದ ಹಾಗೆ ಅಂಟು ಹಾಕ್ಕೊಳ್ಳಿ, ಅಷ್ಟೇ. ಈ ಕಡೆ ಏನೂ ಇಡ್ಬೇಡಿ" ಎಂದು ಹೋದ. ಮೇನ್ ಸ್ವಿಚ್ ಆರಿಸಿ, ಸೋಡಾಪುಡಿಯಿಂದ ಜಿಡ್ಡು ತೆಗೆದು, ಒರೆಸಿ ಒಣಗಿಸಿ, ಎರಡು ಟ್ಯೂಬಿನ ಅಂಟು ಕಲಸಿ ಬಿರುಕಿನುದ್ದಕ್ಕೂ ತುಂಬಿದೆ. ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಕೆರೆದೆ. ಟೈಲರ್ ಕೈಯಲ್ಲವೇ, ನೀಟಾಗಿಯೇ ಕೂತಿದೆ. ಅಮ್ಮ ಪಕ್ಕದಲ್ಲಿ ನಿಂತು, ನಾವು ಮಂಡಿ ತರಚಿಕೊಂಡು ಬಂದಾಗ ಊದುತ್ತಿದ್ದ ಹಾಗೆ, ಅಂಟಿನ ಮೇಲೆ ಉಫ್ ಉಫ್ ಎಂದು ಊದಿದಳು.

ಅವಳನ್ನು ಅಡುಗೆಮನೆಗೆ ಬಿಡಬೇಡ ಎಂದೆಯಲ್ಲ, ಒಂದು ದಿನ ಬಾಗಿಲು ಹಾಕಿ ನೋಡಿದೆ ಅಕ್ಕಾ. ಹೊರಗೆ ನಿಂತು, "ನಾನೇನ್ ತಪ್ಪು ಮಾಡ್ದೆ?" ಎಂದು ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಬಾಗಿಲು ತೆಗೆದುಬಿಟ್ಟೆ. ಈಗ ಆಚೆ ಬದಿಯ ಚಿಕ್ಕ ಸುರುಳಿಯ ಮೇಲೆ ಅವಳ ಅಡುಗೆ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಗುಂಡಿ ಹೊಲಿಯುತ್ತಾ ನನ್ನ ಕಾವಲು. ಉಪ್ಪು ಕೆಲವು ಸಲ ಎರಡೆರಡು ಬಾರಿ ಬೀಳುತ್ತದೆ, ಕೆಲವು ಸಲ ಇರುವುದೇ ಇಲ್ಲ. ತೆಪ್ಪಗೆ ತಿನ್ನುತ್ತೇನೆ.

ಮಗಳಿಗೂ ಮಗುವಿಗೂ ನನ್ನ ಆಶೀರ್ವಾದ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಮೊದ್ದು

ತಾ.ಕ.: ಅವಸರವಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಈ ವಾರವೇ ಹೊರಟು ಬಾ. ನಿನ್ನೆ "ಅಕ್ಕ ಬರ್ತಾಳಮ್ಮಾ" ಎಂದೆ. "ಯಾರ ಅಕ್ಕ?" ಎಂದಳು. ಬಂದವಳು "ನಾನ್ಯಾರು ಹೇಳು" ಎಂದು ಮಾತ್ರ ಕೇಳಬೇಡ, ನಿನ್ನಿಂದ ತಡೆದುಕೊಳ್ಳಲಾಗದು. ನೇರವಾಗಿ ಒಳಗೆ ಹೋಗಿ, "ಅಮ್ಮಾ, ಹಸಿವು" ಅನ್ನು. ಯಾರು, ಏನು ಎಂದು ಕೇಳದೆ ತಟ್ಟೆ ಹಾಕುತ್ತಾಳೆ. ಮೂರು ದಿನದಿಂದ ನನಗೂ ಹಾಗೆಯೇ ಹಾಕುತ್ತಿದ್ದಾಳೆ.